ಬೆಲೆ ತೆತ್ತ ಮೇಲೂ ಉಳಿಯುವ ಬಾಕಿ

ವ್ಯಾಪಾರಸ್ಥರಲ್ಲಿ ಒಂದು ಸಾಮಾನ್ಯ ನಂಬಿಕೆಯಿದೆ. ಸರಕಿಗೆ ನ್ಯಾಯವಾದ ಬೆಲೆಯನ್ನು ತೆತ್ತು, ರಸೀದಿಯನ್ನು ಪಡೆದು, ಖಾತೆಯಲ್ಲಿ ‘ಚುಕ್ತಾ’ ಎಂದು ಬರೆದ ಕೂಡಲೇ ಕೊಂಡವನ ಹೊಣೆ ತೀರಿತು. ಆ ವಸ್ತು ಯಾವ ನೆಲದಿಂದ ಬಂತು, ಯಾರ ದುಡಿಮೆಯಿಂದ ಬಂತು, ಅದು ಬರುವ ದಾರಿಯಲ್ಲಿ ಯಾರು ಏನನ್ನು ಕಳೆದುಕೊಂಡರು ಎಂದು ವಿಚಾರಿಸುವುದು ಅವನ ಕೆಲಸವಲ್ಲ. ಈ ನಂಬಿಕೆಯಿಲ್ಲದೆ ಪೇಟೆಯ ವ್ಯವಹಾರ ಒಂದು ದಿನವೂ ಸಾಗಲಾರದೆಂಬುದು ನಿಜ. ಆದರೆ ನೀತಿಯ ತಕ್ಕಡಿಯಲ್ಲಿಟ್ಟು ತೂಗಿದಾಗ ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಬೆಲೆಯನ್ನು ಕೊಟ್ಟ ಮಾತ್ರಕ್ಕೆ ವಸ್ತುವಿನ ಲೆಕ್ಕ ಮುಗಿಯುತ್ತದೆಯೇ? ಪ್ರಸ್ತುತ ಲೇಖನದ ಪ್ರಶ್ನೆ ಇಷ್ಟೇ.

ಅನ್ನ, ಬಟ್ಟೆ, ಔಷಧಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿದರೆ ಉತ್ತರ ಸ್ಪಷ್ಟವಾಗುವುದಿಲ್ಲ. ‘ಇವಿಲ್ಲದೆ ಬದುಕುವುದು ಹೇಗೆ?’ ಎಂಬ ಸಮಾಧಾನ ನಡುವೆ ಬಂದು ವಿಚಾರದ ಮೊನೆಯನ್ನು ಮೊಂಡಾಗಿಸುತ್ತದೆ. ಆದಕಾರಣ ಅವಶ್ಯಕತೆಯ ಸೋಂಕೇ ಇಲ್ಲದ, ಕೇವಲ ಚೆಲುವಿಗೆ ಮನಸೋತು ಮನುಷ್ಯನು ಕೊಳ್ಳುವ ಒಂದು ವಸ್ತುವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಅದು ಫ್ಲೋರೈಟ್ ಎಂಬ ಹರಳು. ಪಾಶ್ಚಾತ್ಯ ದೇಶಗಳಲ್ಲಿ, ಇತ್ತೀಚಿನ ದಶಕಗಳಲ್ಲಿ ಚೀನಾ ಮತ್ತು ಭಾರತಗಳಲ್ಲಿಯೂ, ಖನಿಜಗಳ ಹರಳುಗಳನ್ನು ಗಾಜಿನ ಕಪಾಟುಗಳಲ್ಲಿ ಕೂಡಿಡುವ ಹವ್ಯಾಸ ಬಹಳ ಬೆಳೆದಿದೆ. ಅಮೆರಿಕದ ಟೂಸಾನ್ ನಗರದಲ್ಲಿ 1955ರಿಂದ ನಡೆದುಬಂದಿರುವ ಖನಿಜ ಪ್ರದರ್ಶನಕ್ಕೆ ಜಗತ್ತಿನ ನಾನಾ ಮೂಲೆಗಳಿಂದ ಸಂಗ್ರಾಹಕರು ಬಂದು ನೆರೆಯುತ್ತಾರೆ. ಅಲ್ಲಿ ಅತ್ಯಂತ ಆದರಕ್ಕೆ ಪಾತ್ರವಾಗುವ ಹರಳುಗಳಲ್ಲಿ ಫ್ಲೋರೈಟ್ ಒಂದು. ಕುಂದಿಲ್ಲದ ಒಂದು ಗೊಂಚಲಿಗೆ ಲಕ್ಷಾಂತರ ರೂಪಾಯಿಗಳನ್ನು ಕೊಡುವವರಿದ್ದಾರೆ.

ಈ ಹರಳಿನ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ತಿಳಿಯಬೇಕು. ಫ್ಲೋರೈಟ್ ಎಂಬುದು ಕ್ಯಾಲ್ಸಿಯಂ ಮತ್ತು ಫ್ಲೋರಿನ್‌ಗಳ ಸಂಯೋಗ. ಭೂಗರ್ಭದ ಬಿಸಿಯಾದ ಉಪ್ಪುನೀರು ಬಂಡೆಗಳ ಬಿರುಕುಗಳಲ್ಲಿ ಹರಿಯುವಾಗ, ಅದರಲ್ಲಿ ಕರಗಿದ್ದ ಅಂಶಗಳು ಕೋಟ್ಯಂತರ ವರ್ಷಗಳ ಹಿಂದೆ ಪದರಪದರವಾಗಿ ಹೆಪ್ಪುಗಟ್ಟಿ ಘನಾಕೃತಿಯ ಹರಳುಗಳಾದವು. ಶುದ್ಧ ಫ್ಲೋರೈಟಿಗೆ ಬಣ್ಣವಿಲ್ಲ. ಅದರಲ್ಲಿ ಸೇರಿಕೊಂಡ ಅತ್ಯಲ್ಪ ಅನ್ಯ ಧಾತುಗಳು ಹಾಗೂ ವಿಕಿರಣದಿಂದ ಉಂಟಾದ ಸೂಕ್ಷ್ಮ ದೋಷಗಳು ಅದಕ್ಕೆ ನೇರಳೆ, ಹಸಿರು, ನೀಲಿ, ಹಳದಿ, ಗುಲಾಬಿ ಬಣ್ಣಗಳನ್ನು ಕೊಡುತ್ತವೆ. ಹರಳು ಸುಂದರವಾದರೂ ಗಟ್ಟಿಯಲ್ಲ. ಮೋಸ್ ಎಂಬ ವಿಜ್ಞಾನಿಯ ಕಾಠಿಣ್ಯದ ಶ್ರೇಣಿಯಲ್ಲಿ ವಜ್ರದ ಸ್ಥಾನ 10 ಆದರೆ ಇದರ ಸ್ಥಾನ ಕೇವಲ 4. ಚಾಕುವಿನ ಮೊನೆಗೆ ಗೀರುಬೀಳುತ್ತದೆ, ಸಣ್ಣ ಪೆಟ್ಟಿಗೆ ನಾಲ್ಕು ದಿಕ್ಕುಗಳಲ್ಲಿ ನಯವಾಗಿ ಸೀಳುತ್ತದೆ. ನಿತ್ಯ ಧರಿಸುವ ಆಭರಣಕ್ಕೆ ಇದು ಒದಗುವುದಿಲ್ಲ. ಇಟ್ಟು ನೋಡುವುದಕ್ಕಷ್ಟೇ ಯೋಗ್ಯ.

ಆದರೆ ಭೂಮಿಯನ್ನು ಅಗೆದು ಈ ಖನಿಜವನ್ನು ಹೊರತೆಗೆದದ್ದು ಬಹುಮಟ್ಟಿಗೆ ನೋಟದ ಸುಖಕ್ಕಾಗಿ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಹರಿಯುವುದು’ ಎಂಬರ್ಥದ ಧಾತುವಿನಿಂದ ಇದರ ಹೆಸರು ಬಂದಿದೆ. ಅದಿರನ್ನು ಕುಲುಮೆಯಲ್ಲಿ ಕರಗಿಸುವಾಗ ಇದನ್ನು ಬೆರೆಸಿದರೆ ಕಿಟ್ಟವು ನೀರಾಗಿ ಹರಿದುಹೋಗುತ್ತದೆ ಎಂಬುದನ್ನು ಜರ್ಮನಿಯ ಅಗ್ರಿಕೋಲಾ 16ನೆಯ ಶತಮಾನದಲ್ಲಿಯೇ ಬರೆದಿಟ್ಟನು. 19ನೆಯ ಶತಮಾನದ ಕೊನೆಯಲ್ಲಿ ಉಕ್ಕಿನ ಕಾರ್ಖಾನೆಗಳು ಬೆಳೆದಂತೆ ಇದಕ್ಕೆ ಬೇಡಿಕೆ ಹೆಚ್ಚಿತು. ಇದರಿಂದ ಪಡೆಯುವ ಹೈಡ್ರೋಫ್ಲೋರಿಕ್ ಆಮ್ಲವಿಲ್ಲದೆ ಅಲ್ಯೂಮಿನಿಯಂ ಉದ್ಯಮವಾಗಲಿ, ಶೀತಕ ಅನಿಲಗಳಾಗಲಿ ಈಗಿನ ರೂಪದಲ್ಲಿ ಬೆಳೆಯುತ್ತಿರಲಿಲ್ಲ. ಉದ್ಯಮದಲ್ಲಿ ಇದರ ಹೆಸರು ಫ್ಲೋರ್‌ಸ್ಪಾರ್. ಉದ್ಯಮಕ್ಕೆ ಬೇಕಾದದ್ದು ಹರಳಲ್ಲ, ಪುಡಿ. ಗಣಿಯಿಂದ ಬಂದ ಚೆಂದದ ಹರಳೂ ಕುರೂಪದ ಕಲ್ಲೂ ಒಂದೇ ಯಂತ್ರದ ಬಾಯಿಗೆ ಬೀಳುತ್ತಿದ್ದವು.

ಇಲ್ಲಿಯೇ ಸಂಗ್ರಾಹಕರ ಪರವಾದ ಮೊದಲನೆಯ ವಾದ ಹುಟ್ಟುತ್ತದೆ. ‘ನಾವು ಗಣಿಯನ್ನು ತೋಡಿಸಲಿಲ್ಲ. ಉಕ್ಕಿಗಾಗಿ ತೋಡಿದ ಗಣಿಯಲ್ಲಿ ಪುಡಿಯಾಗಿ ಹೋಗಲಿದ್ದ ಸೌಂದರ್ಯವನ್ನು ಉಳಿಸಿಕೊಂಡೆವು. ಇದರಲ್ಲಿ ದೋಷವೇನು?’ ಎಂದು ಅವರು ಕೇಳುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಇಲಿನಾಯ್ ಮತ್ತು ಕೆಂಟಕಿ ರಾಜ್ಯಗಳ ಗಡಿಯಲ್ಲಿ, ಒಹಾಯೋ ನದಿಯ ಇಕ್ಕೆಲಗಳಲ್ಲಿ ಇರುವ ಫ್ಲೋರ್‌ಸ್ಪಾರ್ ಸೀಮೆಯನ್ನು ಪರಿಶೀಲಿಸಿದರೆ ಇದರ ಸತ್ಯಾಂಶ ತಿಳಿಯುತ್ತದೆ. ಹಾರ್ಡಿನ್ ಕೌಂಟಿಯ ರೋಸಿಕ್ಲೇರ್, ಕೇವ್-ಇನ್-ರಾಕ್ ಎಂಬ ಊರುಗಳ ಸುತ್ತ ನೂರಕ್ಕೂ ಹೆಚ್ಚು ವರ್ಷ ಗಣಿಗಳು ನಡೆದವು. ಮೊದಲು ಸೀಸಕ್ಕಾಗಿ, ಆಮೇಲೆ ಫ್ಲೋರ್‌ಸ್ಪಾರಿಗಾಗಿ. ಅಲ್ಲಿಯ ಹರಳುಗಳು ಒಳಗೆ ಹಳದಿ, ಹೊರಗೆ ನೇರಳೆ ಎಂಬಂತೆ ಬಣ್ಣದ ಪಟ್ಟೆಗಳಿಂದ ಕೂಡಿ ಜಗತ್ಪ್ರಸಿದ್ಧವಾದವು. 1965ರಲ್ಲಿ ಇಲಿನಾಯ್ ರಾಜ್ಯವು ಫ್ಲೋರೈಟನ್ನು ತನ್ನ ರಾಜ್ಯಖನಿಜವೆಂದು ಅಂಗೀಕರಿಸಿತು.

ಆ ಗಣಿಗಳ ಹರಳುಗಳು ಹೊರಜಗತ್ತಿಗೆ ಬಂದ ಬಗೆ ಗಮನಾರ್ಹವಾದುದು. ಅವುಗಳಲ್ಲಿ ಬಹುಪಾಲು ಹೊರಬಂದದ್ದು ಗಣಿಕಾರ್ಮಿಕರ ಊಟದ ಡಬ್ಬಿಗಳಲ್ಲಿ. ಸಿಡಿಮದ್ದಿನ ಹೊಗೆ ತಿಳಿಯಾದ ಮೇಲೆ ಬಂಡೆಯ ಪೊಳ್ಳಿನಲ್ಲಿ ಹೊಳೆಯುವ ಹರಳನ್ನು ಕಂಡವನು ಅದನ್ನು ಜೋಪಾನವಾಗಿ ಬಿಡಿಸಿ, ಬರಿದಾದ ಡಬ್ಬಿಯಲ್ಲಿಟ್ಟು ಮನೆಗೊಯ್ಯುತ್ತಿದ್ದನು. ಕೆಲವನ್ನು ಮನೆಯಲ್ಲಿ ಉಳಿಸಿಕೊಂಡು, ಕೆಲವನ್ನು ಮಾರಿ ಸಂಬಳದ ಜೊತೆಗೆ ನಾಲ್ಕು ಕಾಸು ಸೇರಿಸಿಕೊಳ್ಳುತ್ತಿದ್ದನು. ಸಂಗ್ರಾಹಕನು ಕೊಳ್ಳದಿದ್ದರೆ ಆ ಹರಳೂ ಉಳಿಯುತ್ತಿರಲಿಲ್ಲ, ಆ ಕಾಸೂ ಹುಟ್ಟುತ್ತಿರಲಿಲ್ಲ. ಇಷ್ಟರಮಟ್ಟಿಗೆ ಅವನ ವಾದ ಗೆಲ್ಲುತ್ತದೆ.

ಆದರೆ ಅದೇ ಸೀಮೆಯ ಇನ್ನೊಂದು ಪುಟವನ್ನೂ ಓದಬೇಕು. 1971ರ ಏಪ್ರಿಲ್ 12ರಂದು ರೋಸಿಕ್ಲೇರ್ ಸಮೀಪದ ಬಾರ್ನೆಟ್ ಗಣಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ತುಂಬಿ ಏಳು ಮಂದಿ ಕಾರ್ಮಿಕರು ಮೃತಪಟ್ಟರು. ಮುಂದೆ ವಿದೇಶಗಳಿಂದ, ಮುಖ್ಯವಾಗಿ ಚೀನಾದಿಂದ, ಅಗ್ಗದ ಫ್ಲೋರ್‌ಸ್ಪಾರ್ ಬರತೊಡಗಿ ಗಣಿಗಳು ಒಂದೊಂದಾಗಿ ಮುಚ್ಚಿದವು. 1995ರಲ್ಲಿ ಆ ಸೀಮೆಯ ದೊಡ್ಡ ಗಣಿಗಾರಿಕೆ ಕೊನೆಗೊಂಡಿತು. ತಲೆಮಾರುಗಳಿಂದ ಒಂದೇ ಉದ್ಯೋಗವನ್ನು ನಂಬಿದ್ದ ಊರುಗಳಿಗೆ ಅದು ಕೆಲಸ ಹೋದ ವರ್ಷ. ಸಂಗ್ರಾಹಕರ ಪೇಟೆಗೆ ಅದೇ ವರ್ಷವು ಬೆಲೆ ಏರಿಕೆಯ ಆರಂಭ. ಏಕೆಂದರೆ ಮುಚ್ಚಿದ ಗಣಿಯ ಹರಳು ಮತ್ತೆ ಬರುವುದಿಲ್ಲ. ಬಾರದ ಸರಕಿಗೆ ಬೆಲೆ ಹೆಚ್ಚೆಂಬುದು ವಾಣಿಜ್ಯದ ಮೊದಲ ಪಾಠ. ನಾಲ್ಕು ದಶಕ ಅಂಗಡಿಯ ಗಾದಿಯಲ್ಲಿ ಕುಳಿತವನಾದ ನಾನು ಈ ನಿಯಮವನ್ನು ಆಕ್ಷೇಪಿಸಲಾರೆ. ಆದರೆ ಒಬ್ಬನ ಅನ್ನದ ಬಾಗಿಲು ಮುಚ್ಚಿದ ಸುದ್ದಿಯು ಮತ್ತೊಬ್ಬನ ಕಪಾಟಿನಲ್ಲಿ ಲಾಭವಾಗಿ ಜಮೆಯಾಗುವಾಗ, ಆ ಲಾಭವನ್ನು ಕಂಡು ಹಿಗ್ಗುವ ಮನಸ್ಸು ಎಂತಹುದೆಂದು ವಿಚಾರಿಸಬೇಕಾಗುತ್ತದೆ.

ಎರಡನೆಯ ಉದಾಹರಣೆ ಇಂಗ್ಲೆಂಡಿನ ಉತ್ತರ ಭಾಗದ ವಿಯರ್‌ಡೇಲ್ ಕಣಿವೆಯದು. ಅಲ್ಲಿ ಶತಮಾನಗಳ ಕಾಲ ಸೀಸದ ಅದಿರನ್ನು ತೋಡಿದರು. ಕಾರ್ಮಿಕರಿಗೆ ಕೂಲಿ ಸಿಗುತ್ತಿದ್ದುದು ಸೀಸಕ್ಕೆ. ಅದರೊಡನೆ ಸಿಗುತ್ತಿದ್ದ ಫ್ಲೋರೈಟ್ ಬಹುಕಾಲ ಬೆಲೆಯಿಲ್ಲದ ಕಸವಾಗಿತ್ತು. ಮನೆಗಳಿಂದ ದೂರದ ಗುಡ್ಡಗಳಲ್ಲಿ, ವಾರವಿಡೀ ಇಕ್ಕಟ್ಟಾದ ಬಿಡಾರಗಳಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿ, ಹಗಲೆಲ್ಲ ಧೂಳಿನಲ್ಲಿ ದುಡಿದ ಆ ಜನರಲ್ಲಿ ಶ್ವಾಸರೋಗವೂ ಅಕಾಲಮರಣವೂ ಸಾಮಾನ್ಯವಾಗಿದ್ದವು. ಬ್ರಿಟನ್ನಿನ ಲೋಹಗಣಿಗಳ ಕಾರ್ಮಿಕರ ಆರೋಗ್ಯವನ್ನು ಕುರಿತು ಕಿನ್ನೇರ್ಡ್ ಆಯೋಗವು 1864ರಲ್ಲಿ ವರದಿ ಸಲ್ಲಿಸಿದ್ದು ಇಂತಹ ಪರಿಸ್ಥಿತಿಯ ಕಾರಣದಿಂದಲೇ.

ಆಶ್ಚರ್ಯವೆಂದರೆ ಅಲ್ಲಿಯ ಮೊದಲ ಸಂಗ್ರಾಹಕರು ಆ ಕಾರ್ಮಿಕರೇ. ಹೊಳೆಯುವ ಹರಳಿನ ತುಂಡುಗಳಿಗೆ ಅವರು ತಮ್ಮ ಆಡುನುಡಿಯಲ್ಲಿ ‘ಬಾನಿ ಬಿಟ್ಸ್’ ಎಂದು ಹೆಸರಿಟ್ಟಿದ್ದರು. ಚೆಂದದ ತುಣುಕುಗಳು ಎಂದು ಅದರ ಅರ್ಥ. ಅವುಗಳನ್ನು ಮನೆಗೆ ತಂದು, ಬಿಡುವಿನ ವೇಳೆಯಲ್ಲಿ ಮರದ ಪೆಟ್ಟಿಗೆಗಳಲ್ಲಿ ಗುಹೆಗಳಂತೆ, ಉದ್ಯಾನಗಳಂತೆ ಜೋಡಿಸಿ, ಕನ್ನಡಿಗಳನ್ನಿಟ್ಟು, ಮೇಣದ ಬತ್ತಿಯ ಬೆಳಕಿನಲ್ಲಿ ನೋಡುತ್ತಿದ್ದರು. ಇವಕ್ಕೆ ಸ್ಪಾರ್ ಪೆಟ್ಟಿಗೆಗಳೆಂದು ಹೆಸರು. 19ನೆಯ ಶತಮಾನದಲ್ಲಿ ಇವುಗಳ ಸ್ಪರ್ಧೆಗಳೂ ನಡೆದವು. ಉಳಿದುಬಂದ ಕೆಲವನ್ನು ಕಿಲ್‌ಹೋಪ್‌ನ ಸೀಸದ ಗಣಿಯ ವಸ್ತುಸಂಗ್ರಹಾಲಯವು ಸಂಗ್ರಹಿಸಿತು. ಕತ್ತಲೆಯಲ್ಲಿ ದುಡಿದವನು ಆ ಕತ್ತಲೆಯಿಂದಲೇ ಬೆಳಕಿನ ಒಂದು ಚೂರನ್ನು ತಂದು ಮಕ್ಕಳ ಮುಂದಿಟ್ಟನು. ಸಂಗ್ರಹವೆಂಬುದೆಲ್ಲ ಲೋಭದಿಂದ ಹುಟ್ಟುತ್ತದೆಂದು ಹೇಳುವವರು ಈ ಪೆಟ್ಟಿಗೆಗಳನ್ನು ನೆನೆಯಬೇಕು. ಚೆಲುವನ್ನು ಪ್ರೀತಿಸುವುದು ಸಿರಿವಂತರ ಸ್ವತ್ತಲ್ಲ, ಅದು ತನ್ನಷ್ಟಕ್ಕೆ ದೋಷವೂ ಅಲ್ಲ.

ಅದೇ ಕಣಿವೆಯಲ್ಲಿ ಇನ್ನೊಂದು ಬಗೆಯ ಗಣಿಯೂ ಇದೆ. 1970ರ ದಶಕದ ಆರಂಭದಲ್ಲಿ ರೋಜರ್ಲಿ ಎಂಬ ಹಳೆಯ ಸುಣ್ಣಕಲ್ಲಿನ ಗಣಿಯ ಗೋಡೆಯಲ್ಲಿ ಹಸಿರು ಫ್ಲೋರೈಟಿನ ಪೊಳ್ಳುಗಳು ಪತ್ತೆಯಾದವು. ಆ ಹರಳುಗಳು ದೀಪದ ಬೆಳಕಿನಲ್ಲಿ ಹಸಿರಾಗಿ ಕಂಡು, ಬಿಸಿಲಿಗೆ ಹಿಡಿದೊಡನೆ ನೀಲಿಯಾಗಿ ಹೊಳೆಯುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಹೊರಚೆಲ್ಲುವ ಗುಣ ಇದಕ್ಕೆ ಕಾರಣ. 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಈ ಗುಣಕ್ಕೆ ‘ಫ್ಲೋರೆಸೆನ್ಸ್’ ಎಂಬ ಹೆಸರನ್ನು ಕೊಟ್ಟದ್ದು ಇದೇ ಖನಿಜದ ಹೆಸರಿನಿಂದ. ವಿಯರ್‌ಡೇಲಿನ ಕೈಗಾರಿಕಾ ಫ್ಲೋರ್‌ಸ್ಪಾರ್ ಗಣಿ ಫ್ರೇಸರ್ಸ್ ಗ್ರೋವ್ 1999ರಲ್ಲಿ ಮುಚ್ಚಿತು. ಆದರೆ ಅದೇ ವರ್ಷ ರೋಜರ್ಲಿಯಲ್ಲಿ ಕೇವಲ ಸಂಗ್ರಾಹಕರ ಕಪಾಟಿಗಾಗಿ ಹರಳುಗಳನ್ನು ತೆಗೆಯುವ ಕೆಲಸ ವ್ಯವಸ್ಥಿತವಾಗಿ ಆರಂಭವಾಯಿತು. ಸಂಗ್ರಾಹಕರ ಮೊದಲನೆಯ ವಾದ ಇಲ್ಲಿ ನಿಲ್ಲುವುದಿಲ್ಲ. ಯಂತ್ರದ ಬಾಯಿಂದ ಉಳಿಸಿಕೊಂಡೆವೆಂದು ಇಲ್ಲಿ ಹೇಳುವಂತಿಲ್ಲ. ಬೇಡಿಕೆಯೇ ಬೆಟ್ಟವನ್ನು ತೋಡಿಸಿತು. ಅದು ಸಣ್ಣ ಪ್ರಮಾಣದ, ಎಚ್ಚರಿಕೆಯ ಕೆಲಸವಾಗಿರಬಹುದು. ಆದರೆ ಕಾರಣಕರ್ತನು ಯಾರೆಂಬುದರಲ್ಲಿ ಸಂದೇಹವಿಲ್ಲ.

ಮೂರನೆಯ ಉದಾಹರಣೆಯೇ ಈ ಲೇಖನಕ್ಕೆ ಪ್ರೇರಣೆ. ಉತ್ತರ ಅಮೆರಿಕದ ಪೂರ್ವದಂಚಿನಲ್ಲಿರುವ ನ್ಯೂಫೌಂಡ್‌ಲೆಂಡ್ ದ್ವೀಪದ ದಕ್ಷಿಣ ತೀರದಲ್ಲಿ ಸೇಂಟ್ ಲಾರೆನ್ಸ್ ಎಂಬ ಸಣ್ಣ ಊರಿದೆ. ಅದು ಬೆಸ್ತರ ಊರು. 1929ರ ನವೆಂಬರ್ 18ರಂದು ಸಾಗರತಳದ ಭೂಕಂಪದಿಂದ ಎದ್ದ ಸುನಾಮಿ ಅಲೆಗಳು ಆ ತೀರದ ದೋಣಿ, ಬಲೆ, ಮನೆಗಳನ್ನು ಕೊಚ್ಚಿಕೊಂಡುಹೋದವು. ಜಗತ್ತಿನ ಆರ್ಥಿಕ ಕುಸಿತವೂ ಅದರ ಬೆನ್ನಿಗೇ ಬಂತು. ಹಸಿದ ಊರಿಗೆ 1933ರಲ್ಲಿ ಫ್ಲೋರ್‌ಸ್ಪಾರ್ ಗಣಿ ಬಂದಾಗ ಜನ ಅದನ್ನು ಅನ್ನದಾತನೆಂದು ಸ್ವಾಗತಿಸಿದರು. ಮೊದಲ ಹಡಗಿನ ಸರಕು ಮಾರಾಟವಾಗುವವರೆಗೆ ಕೂಲಿಯಿಲ್ಲದೆ ದುಡಿಯಲೂ ಒಪ್ಪಿದರು. ಆಮೇಲೆ ಅಲ್ಯೂಮಿನಿಯಂ ಉದ್ಯಮದವರೂ ಅಲ್ಲಿ ಗಣಿ ತೆರೆದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಬೇಕಾದ ಅಲ್ಯೂಮಿನಿಯಂ ತಯಾರಿಕೆಗೆ ಆ ಊರಿನ ಖನಿಜ ಒದಗಿತು.

ಆ ಜನ ಎಂತಹವರೆಂಬುದಕ್ಕೆ ಒಂದು ಘಟನೆ ಸಾಕು. 1942ರ ಫೆಬ್ರವರಿ 18ರ ಮುಂಜಾನೆ, ಹಿಮದ ಬಿರುಗಾಳಿಯಲ್ಲಿ ಅಮೆರಿಕದ ಟ್ರಕ್ಸ್‌ಟನ್ ಮತ್ತು ಪೊಲಕ್ಸ್ ಎಂಬ ಎರಡು ನೌಕಾಪಡೆಯ ಹಡಗುಗಳು ಆ ತೀರದ ಬಂಡೆಗಳಿಗೆ ಅಪ್ಪಳಿಸಿ ಒಡೆದವು. ಸುದ್ದಿ ತಲುಪಿದೊಡನೆ ಐರನ್ ಸ್ಪ್ರಿಂಗ್ಸ್ ಗಣಿಯ ಕಾರ್ಮಿಕರು ಕೆಲಸ ನಿಲ್ಲಿಸಿ, ಹಗ್ಗಗಳನ್ನು ಹಿಡಿದು ಕಡಿದಾದ ಬಂಡೆಗಳನ್ನು ಇಳಿದರು. ಕೊರೆಯುವ ನೀರಿನಿಂದ, ಕಪ್ಪು ಎಣ್ಣೆಯಲ್ಲಿ ಮುಳುಗೆದ್ದ ನಾವಿಕರನ್ನು ಮೇಲೆಳೆದರು. ಊರಿನ ಹೆಂಗಸರು ಅವರ ಮೈಯ ಎಣ್ಣೆಯನ್ನು ತೊಳೆದು, ತಮ್ಮ ಮನೆಗಳಲ್ಲಿ ಮಲಗಿಸಿ, ಇದ್ದುದನ್ನು ಉಣಿಸಿದರು. 203 ಮಂದಿ ಮಡಿದರು, 186 ಮಂದಿ ಬದುಕಿದರು. ಬದುಕಿದವರಲ್ಲಿ ಲೇನಿಯರ್ ಫಿಲಿಪ್ಸ್ ಎಂಬ ಕಪ್ಪು ವರ್ಣದ ನಾವಿಕನೂ ಇದ್ದನು. ತನ್ನನ್ನು ಜೀವನದಲ್ಲಿ ಮೊದಲ ಬಾರಿಗೆ ಸಮಾನ ಮನುಷ್ಯನೆಂದು ಕಂಡವರು ಈ ಗಣಿಯೂರಿನ ಜನವೆಂದು ಅವನು ಮುಂದೆ ಆಜೀವ ಸ್ಮರಿಸಿದನು. ಈ ಉಪಕಾರದ ನೆನಪಿಗೆ ಅಮೆರಿಕ ಸರಕಾರವು ಆ ಊರಿಗೆ ಒಂದು ಆಸ್ಪತ್ರೆಯನ್ನು ಕಟ್ಟಿಸಿಕೊಟ್ಟಿತು. ಅದು 1954ರಲ್ಲಿ ತೆರೆಯಿತು.

ಅಷ್ಟರಲ್ಲಿ ಆ ಊರಿನ ಗಂಡಸರು ಉಸಿರಿಗಾಗಿ ಒದ್ದಾಡತೊಡಗಿದ್ದರು. ಗಣಿಯಲ್ಲಿ ಬಂಡೆಯನ್ನು ಒಣಗಿಯೇ ಕೊರೆಯುತ್ತಿದ್ದುದರಿಂದ ಎದ್ದ ಧೂಳು ಶ್ವಾಸಕೋಶಗಳನ್ನು ಸೇರಿ ಸಿಲಿಕೋಸಿಸ್ ಎಂಬ ರೋಗ ತಂದಿತ್ತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಮನೆಗಳಿಗೂ ಈ ರೋಗದ ಹೆಸರು ಹೊಸದಲ್ಲ. ಸೇಂಟ್ ಲಾರೆನ್ಸಿನಲ್ಲಿ ಇದಕ್ಕಿಂತ ಘೋರವಾದುದು ಇನ್ನೊಂದಿತ್ತು. 1959–60ರ ವೇಳೆಗೆ ನಡೆದ ತಪಾಸಣೆಯಲ್ಲಿ, ಸುತ್ತಲಿನ ಬಂಡೆಗಳಿಂದ ಒಸರಿ ಗಣಿಗೆ ಇಳಿಯುವ ನೀರು ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಹೊತ್ತುತರುತ್ತಿತ್ತೆಂದು ತಿಳಿಯಿತು. ಗಾಳಿಯಾಡದ ಸುರಂಗಗಳಲ್ಲಿ ಅದರ ಪ್ರಮಾಣ ಅಂದಿನ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ಅದು ಯುರೇನಿಯಂ ಗಣಿಯಲ್ಲ. ಆದಕಾರಣ ಅಲ್ಲಿ ಅಂತಹ ಅನಿಲವಿರಬಹುದೆಂದು ಅದುವರೆಗೆ ಯಾರೂ ಅಳೆದು ನೋಡಿರಲಿಲ್ಲ. ನೂರಕ್ಕೂ ಹೆಚ್ಚು ಕಾರ್ಮಿಕರು ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಪರರ ಪ್ರಾಣ ಉಳಿಸಿದ್ದಕ್ಕೆ ಕಾಣಿಕೆಯಾಗಿ ಬಂದ ಆಸ್ಪತ್ರೆಯ ನೆರವು ಆ ಊರಿನವರಿಗೇ ಬೇಕಾಯಿತು. ಪರಿಹಾರಕ್ಕಾಗಿ ವಿಧವೆಯರೂ ರೋಗಿಗಳೂ ವರ್ಷಗಟ್ಟಲೆ ಕಾದರು. 1967ರಲ್ಲಿ ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. 1969ರಲ್ಲಿ ಅದರ ವರದಿ ಬಂತು. 1978ರಲ್ಲಿ ಗಣಿ ಮುಚ್ಚಿತು. ಮುಂದೆ ಅಲ್ಲಿ ಮತ್ತೆ ಗಣಿ ನಡೆಸುವ ಪ್ರಯತ್ನಗಳೂ ಆದವು.

ಸೇಂಟ್ ಲಾರೆನ್ಸಿನ ಫ್ಲೋರೈಟ್ ತುಣುಕುಗಳೂ ಸಂಗ್ರಾಹಕರ ಕಪಾಟುಗಳಲ್ಲಿವೆ. ಪ್ರತಿಯೊಂದರ ಕೆಳಗೂ ಒಂದು ಸಣ್ಣ ಚೀಟಿ ಇರುತ್ತದೆ. ಈ ಚೀಟಿಯ ವಿಷಯದಲ್ಲಿ ಸಂಗ್ರಾಹಕರು ಬಹು ಕಟ್ಟುನಿಟ್ಟು. ಖನಿಜದ ಹೆಸರು, ಗಣಿಯ ಹೆಸರು, ಸೀಮೆ, ದೇಶ, ಹಿಂದೆ ಅದು ಯಾರ ಯಾರ ಸಂಗ್ರಹದಲ್ಲಿತ್ತೆಂಬ ವಂಶಾವಳಿ ಇವೆಲ್ಲವೂ ಅದರಲ್ಲಿರಬೇಕು. ಹುಟ್ಟಿದ ಸ್ಥಳದ ಚೀಟಿ ಕಳೆದ ಹರಳಿಗೆ ಬೆಲೆ ಬಹಳ ಇಳಿಯುತ್ತದೆ. ಇಷ್ಟು ನಿಷ್ಠೆಯಿಂದ ಬರೆದ ಆ ಚೀಟಿಯಲ್ಲಿ ಕೊಂಡವರ ಹೆಸರುಗಳಿವೆ, ತೋಡಿದವನ ಹೆಸರು ಇರುವುದು ವಿರಳ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಲೆಕ್ಕ ಬಲ್ಲವನಿಗೆ ಇದು ಅಪೂರ್ಣವಾದ ಖಾತೆಯೆಂದು ಕೂಡಲೇ ಕಾಣುತ್ತದೆ. ಜಮೆಯ ಭಾಗವನ್ನು ಅಕ್ಷರಶಃ ಬರೆದು, ಖರ್ಚಿನ ಭಾಗದಲ್ಲಿ ಅತಿ ದೊಡ್ಡ ಬಾಬನ್ನೇ ಬಿಟ್ಟಿರುವ ಖಾತೆಯದು.

ನಮ್ಮ ಪರಂಪರೆಯಲ್ಲಿ ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ವಿಭಾಗಿಸಿ ನೋಡುತ್ತಾರೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಮನಸಾರೆ ಒಪ್ಪಿಗೆ ಕೊಟ್ಟಿದ್ದು. ಮೇಲಿನ ಮೂರು ಸೀಮೆಗಳಿಗೆ ಈ ವಿಭಾಗವನ್ನು ಅನ್ವಯಿಸಿದರೆ ನಮ್ಮ ಪ್ರಶ್ನೆ ತಿಳಿಯಾಗುತ್ತದೆ. ಕೊಳ್ಳುವವನು ಎಲ್ಲಿಯೂ ಗುದ್ದಲಿ ಹಿಡಿದವನಲ್ಲ. ಆದುದರಿಂದ ‘ಕೃತ’ದ ದೋಷ ಅವನಿಗಿಲ್ಲ. ರೋಜರ್ಲಿಯಂತಹ ಕಡೆ ಅವನ ಬೇಡಿಕೆಯೇ ಗಣಿಯನ್ನು ನಡೆಸಿದ್ದರಿಂದ ‘ಕಾರಿತ’ದ ಪಾಲು ಅವನದು. ಇಲಿನಾಯ್ ಮತ್ತು ಸೇಂಟ್ ಲಾರೆನ್ಸಿನಲ್ಲಿ ಅವನು ಮಾಡಲೂ ಇಲ್ಲ, ಮಾಡಿಸಲೂ ಇಲ್ಲ. ಅಲ್ಲಿ ಉಳಿಯುವ ಪ್ರಶ್ನೆ ಅನುಮೋದನೆಯದು. ಸತ್ತವರ ಸುದ್ದಿ ತಿಳಿದೂ, ತಿಳಿಯದವನಂತೆ ಹರಳನ್ನು ಸವಿಯುವುದು, ಮುಚ್ಚಿದ ಗಣಿಯಿಂದ ಬೆಲೆ ಏರಿತೆಂದು ಸಂತೋಷಿಸುವುದು ಅನುಮೋದನೆಯ ಸೂಕ್ಷ್ಮ ರೂಪಗಳು. ಅನುಮೋದನೆ ಮನಸ್ಸಿನ ಕ್ರಿಯೆ. ಅದಕ್ಕೆ ರಸೀದಿಯಿಲ್ಲ, ಹಣ ಕೊಟ್ಟು ಅದನ್ನು ತೀರಿಸಿಕೊಳ್ಳಲೂ ಬರುವುದಿಲ್ಲ.

ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ. ‘ಹಾಗಾದರೆ ಹರಳನ್ನು ಕೂಡಿಟ್ಟವನೊಬ್ಬನೇ ಋಣಿಯೇ? ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡುವವರು, ಉಕ್ಕಿನ ರೈಲಿನಲ್ಲಿ ಪಯಣಿಸುವವರು, ಶೀತಕ ಯಂತ್ರದಲ್ಲಿ ಹಾಲು ಕಾಪಾಡುವವರು ಅದೇ ಗಣಿಗಳಿಗೆ ಋಣಿಗಳಲ್ಲವೇ?’ ಈ ಆಕ್ಷೇಪ ಪೂರ್ಣವಾಗಿ ಸತ್ಯ. ಆ ಗಣಿಗಳ ಅದಿರಿನ ಬಹುಪಾಲು ಉಕ್ಕಾಗಿ, ಅಲ್ಯೂಮಿನಿಯಂ ಆಗಿ ಜಗತ್ತಿನ ಮನೆಮನೆಗಳಿಗೆ ಹೋಯಿತು. ಹರಳಾಗಿ ಕಪಾಟಿಗೆ ಹೋದದ್ದು ಲೆಕ್ಕಕ್ಕೂ ಸಿಗದಷ್ಟು ಅಲ್ಪ. ಆದರೆ ಈ ಆಕ್ಷೇಪದಿಂದ ಸಂಗ್ರಾಹಕನ ಋಣ ಕಡಿಮೆಯಾಗುವುದಿಲ್ಲ, ನಮ್ಮೆಲ್ಲರ ಋಣವೂ ಬೆಳಕಿಗೆ ಬರುತ್ತದೆ. ಪಾತ್ರೆಯು ತನ್ನ ಹುಟ್ಟಿನ ಕಥೆಯನ್ನು ಮರೆತಿದೆ. ಅದು ಯಾವ ಗಣಿಯ ಖನಿಜದಿಂದ ಆಯಿತೆಂದು ಯಾರೂ ಹೇಳಲಾರರು. ಹರಳೊಂದೇ ತನ್ನ ಊರಿನ ಹೆಸರನ್ನು ಚೀಟಿಯಲ್ಲಿ ಉಳಿಸಿಕೊಂಡು ಬಂದಿದೆ. ಆ ದೃಷ್ಟಿಯಿಂದ ನೋಡಿದರೆ, ಋಣವನ್ನು ನೆನಪಿಸಬಲ್ಲ ಶಕ್ತಿ ಇರುವುದು ನಿರುಪಯುಕ್ತವಾದ ಆ ಹರಳಿಗೇ.

ನಮ್ಮ ದೇಶದ ಉದಾಹರಣೆಯೂ ದೂರವಿಲ್ಲ. ಗುಜರಾತಿನ ಅಂಬಾಡುಂಗರ್ ಪ್ರದೇಶದಲ್ಲಿ ಉದ್ಯಮಕ್ಕಾಗಿ ಫ್ಲೋರ್‌ಸ್ಪಾರ್ ತೋಡಲಾಗಿದೆ. ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಮಹೋದರಿಯ ಕಲ್ಲುಗಣಿಯಲ್ಲಿ, ಬೆಣಚುಹರಳಿನ ಹಾಸಿನ ಮೇಲೆ ಜೇನುಬಣ್ಣದ ಗುಂಡುಗಳಂತೆ ಕುಳಿತ ಅಪರೂಪದ ಫ್ಲೋರೈಟ್ ದೊರೆತು ವಿದೇಶದ ಸಂಗ್ರಾಹಕರನ್ನು ಬೆರಗುಗೊಳಿಸಿತು. ಸಾಮಾನ್ಯವಾಗಿ ಹರಳುಗಳ ಗೋಡೆ ನೇರವಾಗಿದ್ದು ಮೂಲೆಗಳು ಚೂಪಾಗಿರುವಾಗ ಇವು ಮಾತ್ರ ದುಂಡಗಾಗಿ ಬೆಳೆದಿದ್ದವು. ಬಿಸಿಲಿನಲ್ಲಿ ಕಲ್ಲೊಡೆಯುವವರು ನಮ್ಮ ಊರುಗಳ ಸುತ್ತಲೂ ಇದ್ದಾರೆ. ಅವರ ಕೆಮ್ಮನ್ನು ಕೇಳಲು ನ್ಯೂಫೌಂಡ್‌ಲೆಂಡಿಗೆ ಹೋಗಬೇಕಾಗಿಲ್ಲ. ನಾವು ಕಟ್ಟಿಸುವ ಮನೆಗೂ, ಧರ್ಮಛತ್ರಕ್ಕೂ, ಬಸದಿಯ ಹೊಸ ಪೌಳಿಗೂ ಕಲ್ಲು ಬರುವುದು ಅಂತಹ ಗಣಿಗಳಿಂದಲೇ.

ಹಾಗಾದರೆ ಮಾಡಬೇಕಾದುದೇನು? ಎಲ್ಲವನ್ನೂ ತ್ಯಜಿಸುವುದು ಮುನಿಗಳ ಮಾರ್ಗ. ಮಣ್ಣಿನಲ್ಲಿ, ಕಲ್ಲಿನಲ್ಲಿ ಪೃಥ್ವೀಕಾಯಿಕ ಜೀವಗಳನ್ನು ಕಾಣುವ ದೃಷ್ಟಿಯುಳ್ಳವರಿಗೆ ಅದು ಸಹಜವೂ ಹೌದು. ಗೃಹಸ್ಥನಿಗೆ ಹಿರಿಯರು ಹೇಳಿದ್ದು ಪರಿಗ್ರಹದ ಪರಿಮಾಣವನ್ನು, ಎಂದರೆ ಮಿತಿಯನ್ನು. ಈ ಮಿತಿಯ ತತ್ತ್ವದಿಂದ ಮೂರು ಕರ್ತವ್ಯಗಳು ಹುಟ್ಟುತ್ತವೆಂದು ನನಗೆ ತೋರುತ್ತದೆ.

ಮೊದಲನೆಯದು, ಸಂಖ್ಯೆಗೆ ಎಲ್ಲೆಯನ್ನು ಹಾಕಿಕೊಳ್ಳುವುದು. ಹರಳಿರಲಿ, ಹಳೆಯ ನಾಣ್ಯವಿರಲಿ, ಬೆಳ್ಳಿಯ ಪಾತ್ರೆಯಿರಲಿ, ಸಂಗ್ರಹಕ್ಕೆ ತನ್ನಷ್ಟಕ್ಕೆ ಎಲ್ಲೆಯಿಲ್ಲ. ಹತ್ತು ಇರುವವನಿಗೆ ಹನ್ನೊಂದನೆಯದರ ಕೊರತೆಯೇ ಕಣ್ಣಿಗೆ ಬೀಳುತ್ತದೆ. ಇರುವ ಹತ್ತನ್ನು ನೋಡಲು ಅವನಿಗೆ ಬಿಡುವಿರುವುದಿಲ್ಲ. ಚೆಲುವಿನ ಮೇಲಿನ ಪ್ರೀತಿ ಲೋಭವಾಗಿ ತಿರುಗುವ ಸ್ಥಳ ಇದೇ. ವಿಯರ್‌ಡೇಲಿನ ಕಾರ್ಮಿಕನಿಗೆ ಒಂದು ಪೆಟ್ಟಿಗೆ ಸಾಕಾಗಿತ್ತು.

ಎರಡನೆಯದು, ಚೀಟಿಯನ್ನು ಪೂರ್ಣವಾಗಿ ಬರೆಯುವುದು. ವಸ್ತುವನ್ನು ಇಟ್ಟುಕೊಳ್ಳುವವನು ಅದರ ಹುಟ್ಟನ್ನು ತಿಳಿಯುವ ಶ್ರಮವನ್ನೂ ಪಡಬೇಕು. ಗಣಿಯ ಹೆಸರಿನ ಜೊತೆಗೆ ಅಲ್ಲಿ ಏನಾಯಿತೆಂಬುದನ್ನೂ ಎರಡು ಸಾಲಿನಲ್ಲಿ ಬರೆದಿಟ್ಟರೆ ಮಕ್ಕಳು ಹರಳಿನ ಹೊಳಪನ್ನೂ ಅದರ ನೆರಳನ್ನೂ ಒಟ್ಟಿಗೆ ಕಾಣುತ್ತಾರೆ. ನಮ್ಮ ದೇವಾಲಯಗಳ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದು ವಾಡಿಕೆ. ಆ ಶಿಲೆಯನ್ನು ತೆಗೆದವರು, ಕಡಿದವರು, ಹೊತ್ತವರು ಯಾರೆಂಬುದಕ್ಕೆ ಟ್ರಸ್ಟಿನ ದಫ್ತರದಲ್ಲಿ ಒಂದ ಪುಟವಾದರೂ ಇರಲಿ. ಜೀರ್ಣೋದ್ಧಾರದ ಅಂದಾಜುಪತ್ರ ತಯಾರಿಸುವಾಗ, ಕಲ್ಲಿನ ದರದ ಜೊತೆಗೆ ಕಲ್ಲು ಕಡಿಯುವವರಿಗೆ ಧೂಳಿನಿಂದ ರಕ್ಷಣೆಯಿದೆಯೇ, ಕೊರೆಯುವಾಗ ನೀರು ಹಾಯಿಸುತ್ತಾರೆಯೇ ಎಂದು ಕೇಳುವುದು ಕಾರ್ಯದರ್ಶಿಗಳ ಕರ್ತವ್ಯವಾಗಲಿ. ಸೇಂಟ್ ಲಾರೆನ್ಸಿನಲ್ಲಿ ಆರಂಭದಲ್ಲಿಯೇ ನೀರು ಹಾಯಿಸಿ ಕೊರೆದು, ಸುರಂಗಕ್ಕೆ ಗಾಳಿ ಆಡಿಸಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು.

ಮೂರನೆಯದು, ಒಡೆತನವನ್ನು ಪಾಲನೆಯೆಂದು ತಿಳಿಯುವುದು. ಕೋಟ್ಯಂತರ ವರ್ಷಗಳ ಹಿಂದೆ ಹುಟ್ಟಿದ ಹರಳಿಗೆ ನಮ್ಮ ಅರುವತ್ತು ಎಪ್ಪತ್ತು ವರ್ಷಗಳ ಒಡೆತನ ಎಷ್ಟರದು? ಕೆಂಟಕಿಯ ಮೇರಿಯನ್ ಪಟ್ಟಣದಲ್ಲಿ ಬೆನ್ ಕ್ಲೆಮೆಂಟ್ ಎಂಬ ಗಣಿ ಉದ್ಯಮಿ ತನ್ನ ಜೀವಮಾನವಿಡೀ ಕೂಡಿಸಿದ ಫ್ಲೋರೈಟ್ ಹರಳುಗಳು ಅವನ ಕಾಲಾನಂತರ ಸಾರ್ವಜನಿಕ ವಸ್ತುಸಂಗ್ರಹಾಲಯವಾದವು. ಗಣಿಗಳಲ್ಲಿ ದುಡಿದವರ ಮೊಮ್ಮಕ್ಕಳು ತಮ್ಮ ಅಜ್ಜಂದಿರು ಕತ್ತಲೆಯಲ್ಲಿ ಕಂಡದ್ದನ್ನು ಅಲ್ಲಿ ಬೆಳಕಿನಲ್ಲಿ ಕಾಣುವಂತಾಯಿತು. ಸೇಂಟ್ ಲಾರೆನ್ಸಿನಲ್ಲಿಯೂ ಮಡಿದ ಗಣಿಕಾರ್ಮಿಕರ ಸ್ಮಾರಕವಾಗಿ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಬೀಗ ಹಾಕಿದ ಕಪಾಟಿನಿಂದ ನಾಲ್ಕು ಜನರ ಕಣ್ಣಿಗೆ ಬಂದಾಗ ಹರಳು ಕಡಿಮೆಯಾಗುವುದಿಲ್ಲ, ಅದರ ಮೇಲಿನ ಮೋಹ ಮಾತ್ರ ಕಡಿಮೆಯಾಗುತ್ತದೆ.

ಈ ಮೂರನ್ನೂ ಮಾಡಿದ ಮೇಲೆ ಬಾಕಿ ಪೂರ್ಣವಾಗಿ ತೀರಿತೆಂದು ನಾನು ಹೇಳಲಾರೆ. ಹೋದ ಉಸಿರಿಗೆ ಸಮನಾದ ನಾಣ್ಯ ಯಾವ ಟಂಕಸಾಲೆಯಲ್ಲಿಯೂ ಇಲ್ಲ. ಆದರೆ ಬಾಕಿಯಿರುವ ಖಾತೆಯನ್ನು ಬಾಕಿಯೆಂದೇ ಬರೆದು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ತರುವುದು ಪ್ರಾಮಾಣಿಕ ವ್ಯಾಪಾರಿಯ ಲಕ್ಷಣ. ಅದನ್ನು ಚುಕ್ತಾ ಎಂದು ಬರೆದು ಪುಟ ತಿರುವುವುದು ಸುಳ್ಳು ಲೆಕ್ಕ. ನಮ್ಮ ಮನೆಗಳಲ್ಲಿ, ಸಂಸ್ಥೆಗಳಲ್ಲಿ ಇರುವ ಪ್ರತಿಯೊಂದು ಚೆಲುವಾದ ವಸ್ತುವಿನ ಮುಂದೆ ನಿಂತಾಗ ಅದರ ಬೆಲೆ ಎಷ್ಟೆಂಬ ಪ್ರಶ್ನೆಯ ಜೊತೆಗೆ ಅದರ ಬಾಕಿ ಎಷ್ಟೆಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕೆಂದು ವಾಚಕ ಬಂಧುಗಳಲ್ಲಿ ನನ್ನ ವಿನಂತಿ.